ನೂಲು ಎಳೆಯುವ ನಾಯಿಗೊಂದು ಮನೆ

ನಾಯಿಮರಿ ನನಗೆ ಸಿಕ್ಕಿದ್ದು ಪಟ್ಟದಕಲ್ಲಿನಲ್ಲಿ, ಬಸ್ಸು ನಿಲ್ಲುವ ಜಾಗದ ಹಿಂದಿನ ಗಟಾರದಲ್ಲಿ. ಪರೀಕ್ಷೆಯ ಕೆಲಸ ಮುಗಿಸಿ ಬಾದಾಮಿ ಬಸ್ಸಿಗೆ ಕಾಯುತ್ತಿದ್ದೆ. ಹಿಂಗಾಲು ಮುರಿದುಕೊಂಡು ಬಿದ್ದಿತ್ತು. ಅಂಥದರಲ್ಲೂ ಬಗ್ಗಿ ನೋಡಿದ ನನ್ನ ಸೆರಗು ಕಚ್ಚಿ ಎಳೆಯಿತು, ಆಟಕ್ಕೆ.

"ಟೀಚರ್ರ, ಇದಕ್ಕೂ ಒಂದು ಹಾಫ್ ಟಿಕೀಟ ತಗೀಬೇಕಾಗ್ತೈತಿ ನೋಡ್ರಿ" ಅಂದ ಕಂಡಕ್ಟರ್. ನಕ್ಕನೇ ಹೊರತು ಟಿಕೆಟ್ ಕೊಡಲಿಲ್ಲ. ದನದ ದವಾಖಾನೆಯಲ್ಲಿ ಕಾಲಿಗೆ ಪಟ್ಟಿ ಹಾಕಿಸಿ ನನ್ನ ಬಾಡಿಗೆ ಮನೆಗೆ ತಂದೆ.

ಮನೆಯ ಮಾಲೀಕರು ನಿವೃತ್ತ ಮಾಸ್ತರರು. ಗದರುವ ಜನ ಅಲ್ಲ. "ಕಾಲು ನೆಟ್ಟಗಾಗೂ ತನಕಾ ಇರ್ಲಿ. ಆಮ್ಯಾಲೆ ಬ್ಯಾಡವಾ. ನಮ್ಮನಿಯೊಳಗ ಮಡಿ ಅದ, ನಿಮಗ ಗೊತ್ತದ" ಅಂದರು.

ನಾನು ಬೇರೆ ಮನೆ ನೋಡಬಹುದಿತ್ತು. ನೋಡಲಿಲ್ಲ. ಇಳಕಲ್ಲಿನ ನಮ್ಮ ನೇಕಾರರ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಅಣ್ಣ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗದ ಕುಣಿಗೆ ಇಳಿದದ್ದರಿಂದ ನಾನು ಬಿ.ಎಡ್. ತನಕ ಹತ್ತಿದೆ. ಬಾದಾಮಿಯ ಆ ಓದಿದವರ ಓಣಿಯಲ್ಲಿ ಮನೆ ಸಿಗಲು ಎರಡು ವರ್ಷ ಕಾದಿದ್ದೆ. ಗೇಟಿನ ಬದಿಗೆ ನನ್ನ ಹೆಸರು, ಅದರ ಮುಂದೆ ಪದವಿ ಬರೆಸಿದ ಹಲಗೆ ತೂಗುತ್ತಿತ್ತು. ಅದನ್ನು ಬಿಚ್ಚಿಕೊಂಡು ಹೋಗಲು ಮನಸ್ಸು ಬರಲಿಲ್ಲ.

ಕಾಲು ಕೂಡುವ ತನಕ ಮರಿಯನ್ನು ಹೊರಗೆ ಬಿಡುವಂತಿರಲಿಲ್ಲ. ಆಡಿಸಲು ಏನಾದರೂ ಬೇಕಲ್ಲ. ಪಾತ್ರೆ ತಿಕ್ಕಲೆಂದು ಅವ್ವ ಊರಿಂದ ಹರಕು ನೂಲಿನ ಗಂಟು ಕಟ್ಟಿ ಕಳಿಸುತ್ತಿದ್ದಳು. ಅದರ ಎಳೆಗಳನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ "ಎಳಿ! ಎಳಿ!" ಅನ್ನುತ್ತಿದ್ದೆ. ಮರಿ ಮೂರು ಕಾಲಿನ ಮೇಲೆ ನಿಂತು, ಕಿವಿ ಹಿಂದಕ್ಕೊಗೆದು ಜಗ್ಗುತ್ತಿತ್ತು. ಎಳೆ ಹರಿದಾಗ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಅದು ಬಾಯಲ್ಲಿ ನೂಲು ಹಿಡಿದುಕೊಂಡೇ ಇಡೀ ಖೋಲಿ ಸುತ್ತುತ್ತಿತ್ತು. ಶಾಲೆಯಲ್ಲಿ ಕಲಿಸಿದ್ದು ಮಕ್ಕಳಿಗೆ ಇಷ್ಟು ಬೇಗ ಹತ್ತಿದ್ದನ್ನು ನಾನು ಕಂಡಿಲ್ಲ.

ಕಾಲು ಕೂಡಿತು. ಮಾಸ್ತರರು ಮೆಟ್ಟಿಲ ಮೇಲೆ ನಿಂತು ಕೆಮ್ಮತೊಡಗಿದರು. ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರನ್ನೂ ಕೇಳಿದೆ. "ಜಾತಿ ನಾಯಿ ಆಗಿದ್ರ ಒಯ್ತಿದ್ದೆವ್ರಿ, ಬೀದಿ ನಾಯಿಗೆ ಯಾರು ಕೂಳು ಹಾಕ್ತಾರ?" ಅಂದರು. ಕೊನೆಗೆ ಇಳಕಲ್ಲಿಗೇ ಒಯ್ದೆ.

ಅಣ್ಣ ಅದರ ಮೋರೆ ಎತ್ತಿ ನೋಡಿದ. "ಟೀಚರ್ ಮನ್ಯಾಗಿಂದು ಬಂದೈತಿ ಅಂದ್ರ ನನ್ನಕಿಂತ ಹೆಚ್ಚು ಓದಿರ್ತೈತಿ ತಗೊ. ಇರಲಿ ಬಿಡ, ಇಲ್ಲೇ ಇರಲಿ."

"ಒಟ್ಟ ಮಗ್ಗದ ಖೋಲ್ಯಾಗ ಬಿಡಬ್ಯಾಡ್ರಿ" ಅಂದಳು ಅವ್ವ. ಅಂದವಳೇ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಇಟ್ಟಳು. ಅದಕ್ಕೆ ಖಾಯಂ ಮನೆ ಸಿಕ್ಕಿತು ಅಂತ ನಾನು ಸಮಾಧಾನದಿಂದ ಬಸ್ಸು ಹತ್ತಿದೆ.

ಎರಡು ವಾರದ ಮೇಲೆ ರವಿವಾರ ಊರಿಗೆ ಹೋದೆ. ಅವತ್ತು ಅವ್ವ ಸೆರಗು ಕೂಡಿಸುತ್ತಿದ್ದಳು. ನಮ್ಮ ಸೀರೆಯಲ್ಲಿ ಮೈಯ ಉದ್ದೆಳೆಗಳ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಒಂದೊಂದು ಎಳೆಗೂ ಒಂದೊಂದು ಕೊಂಡಿ ಹಾಕಿ ಎರಡನ್ನೂ ಜೋಡಿಸಬೇಕು. ಸಾವಿರಾರು ಎಳೆ. ಬೆನ್ನು ಬಗ್ಗಿಸಿ ಕೂತರೆ ಏಳುವ ಹಾಗಿಲ್ಲ.

ಏಳಿಸಿದವಳು ನಾನು. "ಚಾ ಆರ್ತೈತಿ ಬಾರಬೇ" ಎಂದು ಕರೆದೆ. ಅವಳು ಬಂದಳು. ಮಗ್ಗದ ಖೋಲಿಯ ಬಾಗಿಲು ಮುಂದೆ ಮಾಡುವುದನ್ನು ಮರೆತಳು.

ನನ್ನ ಕಾಲಡಿ ಮಲಗಿದ್ದ ನಾಯಿ ಎದ್ದು ಹೋದದ್ದು ನನಗೆ ಕಂಡಿತ್ತು. ಬಿಗಿಯಾಗಿ ಕಟ್ಟಿದ ನೂಲಿನ ಮುಂದೆ ನಿಂತು ಅದು ಒಮ್ಮೆ ನನ್ನ ಕಡೆ ತಿರುಗಿ ನೋಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಜಗ್ಗಿತು. ಕೊಂಡಿಗಳು ಸಾಲಾಗಿ ಬಿಟ್ಟವು. ಬಾಯ್ತುಂಬ ಕೆಂಪು ರೇಷ್ಮೆ ಹಿಡಿದುಕೊಂಡು, ಬಾಲ ಅಲ್ಲಾಡಿಸುತ್ತ, ಅದು ನೇರ ನನ್ನ ಬಳಿಗೇ ಬಂತು. ಚಪ್ಪಾಳೆಗೆ ಕಾಯುತ್ತಿತ್ತು.

ಅವ್ವ ಬೈಯಲಿಲ್ಲ. ಮಗ್ಗದ ಬದಿಗೆ ಕೂತು, ಹರಿದ ಎಳೆಗಳನ್ನು ಬೆರಳಿನಿಂದ ಬಿಡಿಸಲು ನೋಡಿದಳು. ಆಮೇಲೆ ಕೈ ಬಿಟ್ಟಳು.

"ಇದಕ್ಕ ಈ ಚಟಾ ಎಲ್ಲಿಂದ ಹತ್ತೇತಿ?" ಅಂದ ಅಣ್ಣ. ಯಾರನ್ನೂ ನೋಡಿ ಕೇಳಿದ್ದಲ್ಲ. "ನಾಯಿಗೆ ನೂಲು ಏನ್ ರುಚಿ?"

ನಾನು ಹೇಳಬೇಕಾಗಿತ್ತು. ನೇಕಾರರ ಮನೆಯಲ್ಲಿ ಹುಟ್ಟಿ ನಾಯಿಗೆ ನೂಲು ಹರಿಯಲು ಕಲಿಸಿದೆ ಅಂತ ಹೇಗೆ ಹೇಳುವುದು? ಅದರ ಬಾಯಿಂದ ರೇಷ್ಮೆ ಬಿಡಿಸಿಕೊಂಡೆ. ಅಣ್ಣ ನಾಯಿಯನ್ನು ಹಿತ್ತಲ ಗೂಟಕ್ಕೆ ಕಟ್ಟಿದ.

"ತಂಗಿ, ಇದು ಹುಟ್ಟಾ ಖೋಡಿ ಐತಿ. ನಮ್ಮಂಥವರ ಮನ್ಯಾಗ ನಡಿಯಂಗಿಲ್ಲ" ಅಂದ. ಆಗಲೂ ಹೇಳಲಿಲ್ಲ.

ಹುನಗುಂದದ ರಸ್ತೆಯಲ್ಲಿ ಅಣ್ಣನ ಪರಿಚಯದವನೊಬ್ಬ ಕಲ್ಲಿನ ಕ್ವಾರಿ ಕಾಯುತ್ತಾನೆ. ಕಾವಲಿಗೆ ನಾಯಿ ಬೇಕಿತ್ತು, ಒಯ್ದ.

ದಸರಾ ರಜೆಯಲ್ಲಿ ನಾನೊಬ್ಬಳೇ ನೋಡಲು ಹೋದೆ. ಮೈ ತುಂಬಿಕೊಂಡಿತ್ತು. ತಗಡಿನ ನೆರಳು, ಮಣ್ಣಿನ ಬೋಗುಣಿಯಲ್ಲಿ ನೀರು, ಯಾವುದಕ್ಕೂ ಕಡಿಮೆಯಿರಲಿಲ್ಲ. ನನ್ನನ್ನು ಕಂಡು ಎದ್ದಿತು. ಬಾಲ ಎರಡು ಸಲ ಆಡಿತು. ಓಡಿ ಬರುತ್ತದೆ ಅಂದುಕೊಂಡೆ. ನಾಲ್ಕು ಹೆಜ್ಜೆ ಬಂದು ತಾನಾಗಿಯೇ ನಿಂತಿತು. ಸರಪಳಿ ಇನ್ನೂ ಬಿಗಿದಿರಲಿಲ್ಲ. ಬಿಗಿಯುವ ಮೊದಲೇ ನಿಲ್ಲುವುದನ್ನು ಕಲಿತಿತ್ತು.

"ಈಗ ಭಾಳ ಶಾಣ್ಯಾ ಆಗೈತ್ರಿ ಟೀಚರ್ರ" ಅಂದ ಕಾವಲುಗಾರ, ಹೆಮ್ಮೆಯಿಂದ. "ಮೊದಲ ಮೊದಲ ಏನ್ ಕಂಡ್ರೂ ಜಗ್ಗತಿತ್ತು. ನಾಲ್ಕ ಏಟ ಹಾಕಿದೆ, ಬಿಡ್ತು. ಇನ್ನ ಎಲ್ಲೂ ಹೋಗಂಗಿಲ್ಲ. ಸಾಯೂ ತನಕ ಇಲ್ಲೇ."

ಅದಕ್ಕೆ ಆ ಚಟ ಹಚ್ಚಿದವಳು ನಾನು ಎಂದು ಅವನಿಗೆ ಹೇಳಿದೆ. ಅಣ್ಣನಿಗೆ ಹೇಳಲಾಗದ್ದನ್ನು ಗುರುತಿಲ್ಲದವನ ಮುಂದೆ ಹೇಳಿದೆ.

"ಇರಲಿ ಬಿಡ್ರಿ, ನಾಯಿಗೇನ್ ತಿಳಿತೈತಿ" ಅಂದು ಅವನು ಕೂಡಲು ಕುರ್ಚಿ ತರಲು ಹೋದ. ನಾನು ಕಲ್ಲಿನ ಧೂಳಿನಲ್ಲೇ ಕೂತು ಸೆರಗಿನ ತುದಿಯನ್ನು ಅದರ ಮೂಗಿನ ಹತ್ತಿರ ಹಿಡಿದೆ. ಅದು ಮೂಸಿತು. ಆಮೇಲೆ ಕಾವಲುಗಾರ ಹೋದ ಕಡೆ ನೋಡಿ, ಮೋರೆ ಹೊರಳಿಸಿಕೊಂಡಿತು.