ತಳದಲ್ಲಿದ್ದ ತಾಟು

ನಮ್ಮ ಮಾವನವರ ಬೆರಳ ತುದಿಗಳು ಸದಾ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು, ರಾಶಿ ಬಟ್ಟೆ ಒಗೆದು ಆಗತಾನೇ ಎದ್ದು ಬಂದ ಹೆಂಗಸಿನ ಕೈಯ ಹಾಗೆ. ಬ್ಲೀಚಿಂಗ್ ಪೌಡರಿನ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ರೊಟ್ಟಿ ಮುರಿದು ಮೊಮ್ಮಗಳ ಬಾಯಿಗಿಟ್ಟರೆ ಅವಳು ಮುಖ ಸಿಂಡರಿಸಿ, "ಅಜ್ಜಾ, ರೊಟ್ಟಿ ನಳದ ನೀರಿನ ನಾತ ಬರತೈತಿ" ಅನ್ನುತ್ತಿದ್ದಳು. "ಹೊಟ್ಯಾಗ ಹುಳಾ ಆಗಂಗಿಲ್ಲ, ತಿನ್ನು" ಎಂದು ಇನ್ನೊಂದು ತುತ್ತು ಇಡುತ್ತಿದ್ದರು.

ಹರಪನಹಳ್ಳಿಯಿಂದ ಅರಸೀಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ಒಬ್ಬ ಸಾಹುಕಾರರು ಈಜುಕೊಳ ಕಟ್ಟಿಸಿದ್ದರು. ಅದು ತೊಂಬತ್ತರ ದಶಕದ ಕೊನೆ. ಬೋರ್‌ವೆಲ್ ಮೋಟರು ರಿಪೇರಿ ಮಾಡಿಕೊಂಡಿದ್ದ ಮಾವ ಅಲ್ಲಿ ಪಂಪು ನೋಡಿಕೊಳ್ಳಲು ಸೇರಿದ್ದು ನನ್ನ ಗಂಡ ತೀರಿಕೊಂಡ ಮರುವರ್ಷ.

ನನ್ನ ಗಂಡ ಹಲವಾಗಲು ಎಂಬ ಊರಿನಲ್ಲಿ ಹೊಳೆಗಿಳಿದು ಮುಳುಗಿದರು. ಮಳೆಗಾಲದ ಹೊಸ ನೀರು, ಕೆಂಪಗಿತ್ತಂತೆ. ದಂಡೆಯ ಮೇಲಿದ್ದವರೆಲ್ಲ ಇಲ್ಲೇ, ಇಲ್ಲೇ ಎಂದು ಕೈ ತೋರಿಸುತ್ತಿದ್ದರಂತೆ. ಮಾವ ಎದೆಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ಮಗನನ್ನು ತಡಕಾಡಿದರು. ಅದ್ದಿದ ಅಂಗೈ ಅವರಿಗೇ ಕಾಣುತ್ತಿರಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ನಾನು ಕೇಳಿಸಿಕೊಂಡೆ. ಅಕ್ಕಿ ಆರಿಸಿದೆ, ಮಗಳ ತಲೆ ಬಾಚಿದೆ, ಹಾಲು ಉಕ್ಕದಂತೆ ನೋಡಿಕೊಂಡೆ. ಅಳು ಬರಲಿಲ್ಲ. ಜನ ಗಟ್ಟಿಗಿತ್ತಿ ಎಂದರು. ಗಟ್ಟಿಯೂ ಅಲ್ಲ ಏನೂ ಅಲ್ಲ, ಒಳಗೆ ಯಾರೂ ಇರಲಿಲ್ಲ ಅಷ್ಟೆ. ಅವರು ಉಣ್ಣುತ್ತಿದ್ದ ಸ್ಟೀಲಿನ ತಾಟು, ಅಂಚಿಗೆ ಹೆಸರು ಕೊರೆಸಿದ್ದು, ಒಂದು ದಿನ ಅಡುಗೆಮನೆಯಲ್ಲಿ ಕಾಣಲಿಲ್ಲ. ಮನೆಯಲ್ಲಿ ಇದ್ದವರು ನಾವು ಮೂವರೇ. ಆದರೂ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.

"ಹುಡುಗಿ ಈಜು ಕಲಿಲಿ ಬಿಡವ್ವಾ" ಎಂದು ಮಾವ ಆಗಾಗ ಅನ್ನುತ್ತಿದ್ದರು. "ಬ್ಯಾಡ್ರಿ" ಅನ್ನುತ್ತಿದ್ದೆ. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಮಾವನಿಗೊಂದು ಚಟವಿತ್ತು. ಯಾರ ಮನೆಯಲ್ಲಿ ನೀರು ಕೊಟ್ಟರೂ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವರು. ಬೀಗರ ಮನೆಯಲ್ಲೂ ಹೀಗೆ ಮಾಡಿದ್ದಕ್ಕೆ, "ನಿಮ್ಮ ಮಾವಗ ನಮ್ಮನಿ ನೀರೂ ಹೇಸಿಗಿ ಆತೇನು?" ಎಂದು ನನ್ನ ತಂಗಿ ಮುನಿಸಿಕೊಂಡಿದ್ದಳು.

ಒಂದು ಬೇಸಿಗೆಯಲ್ಲಿ ಕೊಳದ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ಮಾವ ಫಿಲ್ಟರ್ ತೊಳೆದರು. ಕೊಳೆ ಕೆಳಗೆ ಕೂರಲೆಂದು ಪಟಿಕ ಕರಗಿಸಿ ಹಾಕಿದರು. ಮತ್ತೆ ಹಾಕಿದರು. ಏನೂ ಆಗಲಿಲ್ಲ. ಭಾನುವಾರ ನಾನು ಬುತ್ತಿ ಕಟ್ಟಿಕೊಂಡು ಮಗಳ ಜೊತೆ ಹೋದಾಗ ಗೇಟಿಗೆ ಬೀಗವಿತ್ತು, ಹೊರಗೆ ಜನ ಗದ್ದಲ ಮಾಡುತ್ತಿದ್ದರು. ಮಾವ ನಮ್ಮಿಬ್ಬರನ್ನಷ್ಟೇ ಒಳಗೆ ಬಿಟ್ಟುಕೊಂಡು, ಗಾಜಿನ ಲೋಟದಲ್ಲಿ ಕೊಳದ ನೀರು ತುಂಬಿಟ್ಟು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ನೋಡನೋಡುತ್ತ ಲೋಟದ ನೀರು ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂತು.

"ಥೋ, ಹೊಲಸಲ್ಲ ಇದು, ಗಾಳಿ! ಹೊಲಸಾಗಿದ್ರ ಕೆಳಗ ಕುಂದರತಿತ್ತು. ಸುಮ್ನ ಪಟಿಕ ಸುರದೆ" ಎಂದು ತಮ್ಮನ್ನೇ ಬೈದುಕೊಂಡರು. ಪಂಪು ನೀರಿನ ಜೊತೆ ಎಲ್ಲಿಂದಲೋ ಗಾಳಿ ಎಳೆದು, ಸಣ್ಣ ಗುಳ್ಳೆ ಮಾಡಿ ಕೊಳಕ್ಕೆ ಬಿಡುತ್ತಿತ್ತು. ಊದಿನಕಡ್ಡಿ ಹಚ್ಚಿ, ಓಡುತ್ತಿದ್ದ ಪಂಪಿನ ಒಂದೊಂದು ಜೋಡಣೆಗೂ ಹಿಡಿಯುತ್ತ ಹೋದರು. ಗೇಟಿನಾಚೆಯಿಂದ ಒಬ್ಬಾಕೆ, "ಪೂಜಿ ನಡದೈತಿ, ಕಾಯಿ ತರಬೇಕೇನ್ರಿ?" ಎಂದು ಕೂಗಿದಳು. ಪಂಪಿನ ಮುಚ್ಚಳದ ಬಳಿ ಹೊಗೆ ಸರ್ರನೆ ಒಳಗೆ ಹೋಯಿತು. ರಬ್ಬರಿನ ವಾಷರ್ ಬಿರುಕು ಬಿಟ್ಟಿತ್ತು.

ಅಷ್ಟರಲ್ಲಿ ಸಾಹುಕಾರರು ಬಂದರು. "ಹೊಲಸಲ್ಲ ಅಂತ ನೀನ ಅಂದಿಯಲ್ಲ ಯಜಮಾನ, ಗಾಳಿಗೇನು ಅಂಜಿಕಿ? ಗೇಟು ತೆಗಿ."

"ಗಾಳಿ ಆದ್ರೂ ತಳ ಕಾಣವಲ್ದುರಿ."

"ಜನ ದಾವಣಗೇರಿಯಿಂದ ಬಂದಾರ. ನೀ ಆಗಂಗಿಲ್ಲ ಅಂದ್ರ ಕೀಲಿಕೈ ಇಲ್ಲಿಟ್ಟು ನಾಳಿಂದ ಮನ್ಯಾಗಿರು."

ಮಾವ ದನಿ ಏರಿಸಲಿಲ್ಲ. "ಕೆಲ್ಸ ತಗೀರಿ. ಇವತ್ತಂತೂ ಕೀಲಿಕೈ ಕೊಡಂಗಿಲ್ರಿ. ತಳ ಕಾಣದ ನೀರಿಗೆ ಯಾರ ಮಗನ್ನೂ ಬಿಡಂಗಿಲ್ಲ ನಾನು."

ಮಗ ಎಂಬ ಮಾತು ಅವರ ಬಾಯಿಂದ ಹಲವಾಗಲಿನ ನಂತರ ನಾನು ಕೇಳಿದ್ದು ಅದೇ ಮೊದಲು. ಸಾಹುಕಾರರಿಗೂ ವಿಷಯ ಗೊತ್ತಿತ್ತು. ಹೊರಗೆ ಹೋಗಿ ತಾವೇ ಜನರನ್ನು ಕಳಿಸಿದರು.

ಮಾವ ಹಳೆಯ ಟ್ಯೂಬು ಕತ್ತರಿಸಿ ವಾಷರ್ ಮಾಡಿ ಕೂರಿಸಿದರು. ಗುಳ್ಳೆ ನಿಂತವು. ಹೊತ್ತು ಇಳಿಯುವಾಗ ನೀರು ತಿಳಿಯಾಗುತ್ತ ಬಂತು. ಮೊದಲು ಮೆಟ್ಟಿಲು ಕಂಡವು, ಆಮೇಲೆ ತಳದ ನೀಲಿ ಕಲ್ಲು. ಎಲ್ಲಕ್ಕಿಂತ ಆಳದ ಮೂಲೆಯಲ್ಲಿ ದುಂಡಗೆ ಏನೋ ಹೊಳೆಯಿತು. ನಮ್ಮ ಮನೆಯ ತಾಟು.

"ಅದು ಕಂಡ್ರಷ್ಟ ಗೇಟು ತೆಗಿತೀನವ್ವಾ ದಿನಾ" ಎಂದರು ಮಾವ, ನನ್ನ ಮುಖ ನೋಡದೆ.

ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಮಗಳ ಕೈ ನನ್ನ ಕೈಯಲ್ಲಿತ್ತು. ಅದನ್ನು ಮಾವನ ಕೈಗೆ ಕೊಟ್ಟೆ. "ಈಜು ಕಲಿಸ್ರಿ" ಅಂದೆ.

ಮಾವ ತೀರಿಕೊಂಡದ್ದು ಕೆಲವು ವರ್ಷಗಳ ನಂತರ, ಮಧ್ಯಾಹ್ನ ಉಂಡು ಮಲಗಿದ್ದಾಗ. ಸ್ನಾನ ಮಾಡಿಸುವಾಗ ನೋಡಿದೆ, ಬೆರಳ ತುದಿ ಹಾಗೇ ಬೆಳ್ಳಗಿದ್ದವು. ದಿನಕರ್ಮಕ್ಕೆ ಎಡೆ ಇಡುವಾಗ, ತಾಟು ತರುತ್ತೇನೆಂದು ಮಗಳೇ ಹೊರಟಳು. ಒಂದೇ ಉಸಿರಿಗೆ ಕೊಳದ ತಳ ಮುಟ್ಟಿ ಎದ್ದು ಬಂದಳು. ಹೊಳಪು ಹೋಗಿತ್ತು, ಅಂಚಿನ ಹೆಸರು ಮಾತ್ರ ಇನ್ನೂ ಬೆರಳಿಗೆ ತಾಗುತ್ತಿತ್ತು. ಅಪ್ಪ ಮಗ ಇಬ್ಬರಿಗೂ ಅದರಲ್ಲೇ ಎಡೆ ಇಟ್ಟೆ. ಆಗ ಅಳು ಬಂತು, ಇಬ್ಬರದೂ ಕೂಡಿ.

ಮರುದಿನ ತಾಟನ್ನು ಬೂದಿ ಹಾಕಿ ಬೆಳಗಿ ಕೊಳಕ್ಕೆ ಒಯ್ದೆವು. ಪಂಪಿಗೆ ಹೊಸದಾಗಿ ಬಂದಿದ್ದವನು ವಿಚಿತ್ರವಾಗಿ ನೋಡಿದ. "ಯಾರ ತಾಟ್ರಿ ಇದು?"

"ನಮ್ಮ ಮನಿಯವರದು" ಎಂದೆ. "ಇದು ಕಾಣ್ಲಿಲ್ಲಂದ್ರ ಗೇಟು ತೆಗಿಬ್ಯಾಡಪ್ಪಾ."

ಮಗಳು ಅದನ್ನು ಎದೆಗೊತ್ತಿಕೊಂಡು ನೀರಿಗಿಳಿದಳು.