ಅಕ್ಕ ನೀರಿಗೆ ಬಿಟ್ಟ ಎತ್ತು

ನಾನು ಚಿಕ್ಕವಳಿದ್ದಾಗ ಸೊರಟೂರಿನ ನಮ್ಮ ಮನೆಗೆ ಮಣ್ಣೆತ್ತುಗಳನ್ನು ಕೊಂಡು ತಂದದ್ದೇ ಇಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತೆಂದರೆ ಅವ್ವ ಹೊಲದ ಕಪ್ಪು ಎರೆಮಣ್ಣು ನೆನೆಹಾಕಿ, ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಎತ್ತು ಮಾಡುತ್ತಿದ್ದಳು. ಗಿಡ್ಡ ಕಾಲು, ದಪ್ಪ ಡುಬ್ಬ, ಕೋಡು ಮಾತ್ರ ಉದ್ದ. ಕಣ್ಣಿಗೆ ಕೆಂಪು ಗುಲಗಂಜಿ. ಪೂಜೆಯಾದ ಮರುದಿನ ಅವನ್ನೆಲ್ಲ ಹಳ್ಳಕ್ಕೆ ಬಿಟ್ಟು ಬರುತ್ತಿದ್ದೆವು.

ಒಂದು ಚಳಿಗಾಲದಲ್ಲಿ ಅವ್ವ ಜ್ವರ ಬಂದು ತೀರಿಕೊಂಡಳು. ಮುಂಗಾರು ಬಂತು, ಬಿತ್ತನೆ ಶುರುವಾಯಿತು. ಈ ಸಲ ಎತ್ತುಗಳನ್ನು ಕುಂಬಾರರ ಮನೆಯಿಂದ ತಂದರಾಯಿತು ಎಂದು ಅಪ್ಪ ಹೇಳಿದ. ಅವ್ವನ ಎತ್ತುಗಳ ಜಾಗದಲ್ಲಿ ಬೇರೆ ಎತ್ತುಗಳು ನಿಲ್ಲುವುದು ನನಗೆ ಒಪ್ಪಿಗೆಯಾಗಲಿಲ್ಲ. ನಾನೇ ಮಾಡುತ್ತೇನೆಂದು ಕುಳಿತೆ.

ಮಣ್ಣು ಅದೇ ಹೊಲದ್ದು. ಆದರೆ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ ಮಣ್ಣು ಅದು. ನೆರಳಿನಲ್ಲಿ ಒಣಗಿಸಿದರೂ ನನ್ನ ಎತ್ತುಗಳ ಕುತ್ತಿಗೆ ಮೊದಲು ಸೀಳುತ್ತಿತ್ತು, ಆಮೇಲೆ ಹೊಟ್ಟೆ. ಬೂದಿ ಬೆರೆಸಿದೆ, ಪುಡಿಯಾಯಿತು. ಸೆಗಣಿ ಬೆರೆಸಿದೆ, ಕೋಡು ನಿಲ್ಲಲಿಲ್ಲ. ಜೋಳದ ಹೊಟ್ಟು ಬೆರೆಸಿದರೆ ಮೈಯೆಲ್ಲ ತುರಿ ಎದ್ದಂತೆ ಕಂಡಿತು. ಒಡೆದ ಎತ್ತಿಗೆಲ್ಲ ಗೋಡೆಯ ಮೇಲೆ ಇದ್ದಿಲಿನಿಂದ ಒಂದೊಂದು ಗೀಟು ಎಳೆಯುತ್ತ ಹೋದೆ. ಸಾಲು ಬಾಗಿಲ ಚೌಕಟ್ಟನ್ನು ಮುಟ್ಟಿತು.

"ಏನಲೇ, ಎತ್ತ ಮಾಡಾಕತ್ತೀಯೋ, ಗ್ವಾಡಿಗೆ ಪಟ್ಟಿ ಹೊಡ್ಯಾಕತ್ತೀಯೋ?" ಎಂದು ಅಕ್ಕ ಚುಡಾಯಿಸಿದಳು.

ಅಮಾವಾಸ್ಯೆ ಹತ್ತಿರವಾಗಿತ್ತು. ಅವ್ವ ಮಣ್ಣಿಗೆ ಏನು ಹಾಕುತ್ತಿದ್ದಳೆಂದು ಅಪ್ಪನಿಗೆ ಗೊತ್ತಿರಲಿಲ್ಲ, ಓಣಿಯ ಹೆಂಗಸರಿಗೂ ಗೊತ್ತಿರಲಿಲ್ಲ. ಉತ್ತರ ಇದ್ದದ್ದು ಒಂದೇ ಕಡೆ. ಹಿಂದಿನ ವರ್ಷ ಹಳ್ಳಕ್ಕೆ ಹೋಗುವಾಗ ಅಕ್ಕ ಹಠ ಹಿಡಿದು ಒಂದು ಎತ್ತನ್ನು ಉಳಿಸಿಕೊಂಡಿದ್ದಳು. ಅದು ಅವಳ ಹಾಸಿಗೆಯ ಮೇಲಿನ ಗೋಡೆಗೂಡಿನಲ್ಲಿತ್ತು. ಮೈಮೇಲೆ ಒಂದು ಬಿರುಕೂ ಇರಲಿಲ್ಲ. ಬೆನ್ನಿನ ಮೇಲೆ ಅವ್ವನ ಹೆಬ್ಬೆರಳಿನ ಗುರುತು ಹಾಗೆಯೇ ಉಳಿದಿತ್ತು.

ಅದನ್ನು ನೀರಲ್ಲಿ ನೆನೆಸಿ ನೋಡೋಣವೇ ಎಂದು ಕೇಳಿದೆ. ಅಕ್ಕ ಎತ್ತನ್ನು ಮಡಿಲಿಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ಎತ್ತು ಅವಳದು, ಅವಳು ಹೇಳಿದ ಹಾಗೆ ಆಗಲಿ ಎಂದು ಅಪ್ಪ ಹೇಳಿದ. ಅಕ್ಕ ನನ್ನ ಕಡೆ ತಿರುಗಿದಳು.

"ಒಳಗ ಏನೂ ಸಿಗಲಿಲ್ಲಂದ್ರ?"

"ಗೊತ್ತಿಲ್ಲಕ್ಕ," ಎಂದೆ.

ಅವಳು ಅವ್ವನ ಬೆರಳಿನ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟು ನೋಡಿದಳು. ಆಮೇಲೆ ಎದ್ದು ಬೋಗುಣಿಯಲ್ಲಿ ನೀರು ತಂದು ತಾನೇ ಎತ್ತನ್ನು ಬಿಟ್ಟಳು.

ಮೊದಲು ಗುಳ್ಳೆಗಳು ಎದ್ದವು. ಮೊದಲ ಮಳೆಯ ವಾಸನೆ ಬಂತು. ಕೋಡು ಮೆತ್ತಗಾಗಿ ಬಾಗಿತು, ನೀರು ಕಪ್ಪಾಯಿತು, ಗುಲಗಂಜಿ ಕಣ್ಣುಗಳು ಕಳಚಿ ತಳ ಸೇರಿದವು. ಮೂವರೂ ಬೋಗುಣಿಯ ಮೇಲೆ ಬಗ್ಗಿದ್ದೆವು. ಅಕ್ಕ ಕೈ ಹಾಕಿ ರಾಡಿಯನ್ನು ಮೆಲ್ಲಗೆ ಎಳೆದಳು. ಅದು ತುಂಡಾಗಲಿಲ್ಲ, ಜೇಡರ ಬಲೆಯ ಹಾಗೆ ಎಳೆಎಳೆಯಾಗಿ ಬಂತು. ತೊಳೆದು ನೋಡಿದರೆ ಅರಳೆ! ತೆಳ್ಳಗೆ ಬಿಡಿಸಿದ ಅರಳೆ ಮಣ್ಣಿನ ತುಂಬ ಇತ್ತು.

ಎತ್ತು ಮಾಡುವಾಗ ಅವ್ವನ ಮಡಿಲಲ್ಲಿ ಯಾವಾಗಲೂ ಅರಳೆ ಇರುತ್ತಿತ್ತು. ದೀಪದ ಬತ್ತಿಗೆಂದು ತಿಳಿದು ನಾವು ಯಾರೂ ಕೇಳಿರಲಿಲ್ಲ.

"ನಮ್ಮ ಮುಂದನ ಹಾಕ್ತಿದ್ಲಲ್ಲೇ," ಎನ್ನುತ್ತ ಅಕ್ಕ ರಾಡಿಗೈಯಲ್ಲೇ ಮೂಗು ಒರೆಸಿಕೊಂಡಳು. ಅವಳಿಗೆ ಕಪ್ಪು ಮೀಸೆ ಮೂಡಿತು. ಅಪ್ಪ ನಕ್ಕ. ಅವ್ವ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಬೋಗುಣಿಯ ರಾಡಿಯನ್ನೆಲ್ಲ ಹೊಸ ಮಣ್ಣಿಗೆ ಸುರಿದು, ಅರಳೆ ಬಿಡಿಸಿ ಹಾಕಿ ನಾದಿದೆವು. ಗೋಡೆಯ ಗೀಟುಗಳು ಅಲ್ಲಿಗೇ ನಿಂತವು. ನನ್ನ ಎತ್ತುಗಳ ಕಾಲು ಸೊಟ್ಟಗಿದ್ದರೂ ಅಮಾವಾಸ್ಯೆಯ ದಿನ ಅವೇ ದೇವರ ಮುಂದೆ ನಿಂತವು. ಹಳ್ಳಕ್ಕೆ ಹೊರಟಾಗ ಅಕ್ಕ ಒಂದನ್ನು ತೆಗೆದಿಟ್ಟಳು. ಹಾಲಿಗೆ ಹೆಪ್ಪು ಬೇಕಾಗುವ ಹಾಗೆ ಮುಂದಿನ ವರ್ಷದ ಮಣ್ಣಿಗೆ ಇದು ಬೇಕು ಎಂದಳು.

ಅಂದು ಮಣ್ಣಿಗಿಳಿದ ನನ್ನ ಕೈ ಮತ್ತೆ ಮೇಲೆ ಬರಲಿಲ್ಲ. ಎತ್ತಾಯಿತು, ಆಷಾಢದಲ್ಲಿ ಪೂಜಿಸುವ ಮಣ್ಣಿನ ಗುಳ್ಳವ್ವನಾಯಿತು, ಹಕ್ಕಿಗಳಾದವು. ಆಮೇಲೆ ಜೋಳದ ದಂಟಿನ ಗಾಡಿಗಳು. ಈಗ ಬೆಟಗೇರಿಯ ಈ ಮನೆಗೆ ಜನ ಗೊಂಬೆ ಹುಡುಕಿಕೊಂಡು ಬರುತ್ತಾರೆ, ನನ್ನನ್ನು ಕಲಾವಿದೆ ಎನ್ನುತ್ತಾರೆ.

ಇಲ್ಲಿ ನನ್ನ ಜೊತೆ ಗೊಂಬೆ ಮಾಡಲು ಕುಳಿತ ಮಕ್ಕಳೇ, ನಿಮ್ಮ ಮಣ್ಣು ಡಬ್ಬಿಯಲ್ಲಿ ಬರುತ್ತದೆ. ಅದರ ನೀಲಿ ನನಗೂ ಇಷ್ಟ, ನಮ್ಮ ಹೊಲದಲ್ಲಿ ಆ ಬಣ್ಣ ಎಲ್ಲಿ ಸಿಗಬೇಕು? ನೀವು ಗೊಂಬೆ ಮಾಡಿ, ಮೊಬೈಲಿನಲ್ಲಿ ಫೋಟೊ ತೆಗೆದು, ಮರುಕ್ಷಣ ಅದನ್ನು ಹಿಸುಕಿ ಇನ್ನೊಂದು ಮಾಡುತ್ತೀರಿ. ನಮಗೆ ಒಂದೇ ಒಂದು ಎತ್ತನ್ನು ಕರಗಿಸಲು ಅಷ್ಟೊಂದು ಧೈರ್ಯ ಬೇಕಾಗಿತ್ತು.

ಅಮಾವಾಸ್ಯೆಗೆ ಅಕ್ಕ ಲಕ್ಷ್ಮೇಶ್ವರದಿಂದ ಬಂದು, ಪ್ರತಿ ವರ್ಷದ ಹಾಗೆ, ಹಿಂದಿನ ವರ್ಷ ತೆಗೆದಿಟ್ಟ ಎತ್ತನ್ನು ಬಕೆಟ್ಟಿನ ನೀರಿಗೆ ಬಿಟ್ಟಾಗ, "ಚಂದ ಐತಲ್ಲಜ್ಜಿ, ಯಾಕ ಕರಗಸ್ತೀರಿ?" ಎಂದು ಕೇಳಿದಿರಿ. ಇದೇ ಅದರ ಉತ್ತರ. ಅದೇ ಮಣ್ಣಿನಿಂದ ನೀವು ಮಾಡಿದ ಆನೆಯ ಕಿವಿ ಎಷ್ಟು ತೆಳ್ಳಗಿದೆ, ಆದರೂ ಸೀಳಿಲ್ಲ, ನೋಡಿ. ಅಕ್ಕನ ಕೈ ಈಗ ನಡುಗುತ್ತದೆ. ಮುಂದಿನ ವರ್ಷ ಎತ್ತನ್ನು ನಿಮ್ಮಲ್ಲೊಬ್ಬರು ನೀರಿಗೆ ಬಿಡಬೇಕಂತೆ. ಯಾರೆಂದು ನೀವೇ ಮಾತಾಡಿಕೊಳ್ಳಿ, ಜಗಳಾಡಬೇಡಿ.