ಒರೆಸಿದರೂ ಮುಟ್ಟಿದ ಹಾಗೆಯೇ

ಮದುವೆಯಾಗಿ ಕಂಪ್ಲಿಯಿಂದ ಸಂಡೂರಿಗೆ ಬಂದ ಮೊದಲ ವರ್ಷ ನಾನು ಒರೆಸದ ವಸ್ತುವೇ ಇಲ್ಲ. ಮನೆ ಇದ್ದದ್ದು ಅದಿರು ಲಾರಿಗಳು ಕೆಂಪು ದೂಳೆಬ್ಬಿಸಿಕೊಂಡು ಓಡಾಡುವ ರಸ್ತೆಯ ಪಕ್ಕದಲ್ಲೇ. ಟಿವಿ ಒರೆಸಿದೆ, ಫ್ರಿಜ್ಜು ಒರೆಸಿದೆ, ಒಮ್ಮೆ ಕಟ್ಟೆಯ ಮೇಲೆ ಮಲಗಿದ್ದ ಬೆಕ್ಕನ್ನೂ ಒರೆಸಿದೆ. ಮಾವ ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆಪುಡಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಅದೊಂದನ್ನು ಒರೆಸಲಿಲ್ಲ, ಹಿರಿಯರು ನೋಡಿ.

ಮಾವನದು ಕಿರಾಣಿ ಅಂಗಡಿ. ಊಟಕ್ಕೆ ಮನೆಗೆ ಬಂದರೆ ಕಿಟಕಿಯ ಬಳಿ ಚದುರಂಗದ ಹಲಗೆ ಇಡುತ್ತಿದ್ದರು. ಅತ್ತೆಗೆ ಅದು ಮಾತು ಬಿಟ್ಟವರು ಆಡುವ ಆಟ. ಹೀಗಾಗಿ ನಾನು ಸಿಕ್ಕಿಬಿದ್ದೆ.

“ನೋಡವ್ವ, ಮೊದ್ಲು ನಡುವಿನ ಸಿಪಾಯಿ ಮುಂದಕ್ಕ. ಆಮ್ಯಾಲ ಕುದುರಿ, ಒಂಟಿ ಹೊರಗ ತಗಿ. ಜಲ್ದಿ ರಾಜನ್ನ ಮೂಲ್ಯಾಗ ಕುಂಡ್ರಿಸಿ ಆನಿ ಕಾವಲಿಡು. ರಾಣಿನ್ನ ಮಾತ್ರ ಅವಸರ ಮಾಡಿ ಕಳಸಬ್ಯಾಡ,” ಎಂದರು ಮಾವ.

“ಯಾಕ್ರಿ ಮಾವ? ಎಲ್ಲಾ ಕಡಿ ಹೋಗಾಕ ಬರೋದು ಅಕಿ ಒಬ್ಬಾಕಿಗೆ. ಅಕಿನ್ನ ಮನ್ಯಾಗ ಕುಂಡ್ರಿಸಿ, ಒಂದು ಹೆಜ್ಜಿ ಇಡಾಕ ತಿಣುಕೋ ರಾಜಗ ಇಷ್ಟು ಉಪಚಾರ?”

“ಚಲೋ ಕೇಳಿದಿ!” ಎಂದು ಅಡುಗೆಮನೆಯಿಂದ ಅತ್ತೆ ಕೂಗಿದರು.

ನಾನು ಹಟಕ್ಕೆ ರಾಣಿಯನ್ನೇ ಮೊದಲು ಕಳಿಸಿದೆ. ಮಾವನ ಕುದುರೆ, ಒಂಟೆ, ಕೊನೆಗೆ ಯಃಕಶ್ಚಿತ್ ಸಿಪಾಯಿ ಕೂಡ ಅವಳನ್ನು ಅಟ್ಟಾಡಿಸಿದವು. ಪಾಪ, ಓಡಿ ಓಡಿ ಸತ್ತಳು. ಕೆಲವು ರಾಣಿಯರು ಹೀಗೆ ಹೋದ ಮೇಲೆ ನನಗೂ ಬುದ್ಧಿ ಬಂತು.

ಆದರೆ ದೂಳಿಗೆ ಬುದ್ಧಿ ಎಲ್ಲಿಂದ ಬರಬೇಕು? ಅರ್ಧ ಆಟಕ್ಕೆ ಬಿಳಿ ಕಾಯಿಯೂ ಕೆಂಪು, ಕರಿ ಕಾಯಿಯೂ ಕೆಂಪು. ಒಮ್ಮೆ ನನ್ನ ಕುದುರೆಯನ್ನು ನಾನೇ ಹೊಡೆದು ಕುಣಿದಾಡಿದೆ. ಆಮೇಲೆ ಮಾವ ಕಾನೂನು ಮಾಡಿದರು: ಒರೆಸುವುದೆಲ್ಲ ಆಟಕ್ಕೆ ಮುಂಚೆ. ಆಟ ಶುರುವಾದ ಮೇಲೆ ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು. “ಒರಸಿದ್ರೂ ಮುಟ್ಟಿದಂಗ!”

ಅಷ್ಟರಲ್ಲಿ ಮನೆಗೆ ಬಣ್ಣ ಹೊಡೆಸುವ ಮಾತು ಬಂತು. ಗಣಿಯ ದುಡ್ಡು ಹರಿದಾಡುತ್ತಿದ್ದ ಕಾಲ, ಓಣಿಯ ಮನೆಗಳೆಲ್ಲ ಮದುಮಕ್ಕಳಾಗಿದ್ದವು. ಮಾವನಿಗೆ ಹಾಲಿನಂಥ ಬಿಳಿ ಮನೆ ಬೇಕು. ವಾರವಾರ ಪೈಪು ಹಿಡಿದು ಆ ಗೋಡೆ ತೊಳೆಯುವವಳು ಯಾರು? ನಾನು. “ಇಟ್ಟಂಗಿ ಬಣ್ಣ ಹಚ್ರಿ ಮಾವ, ದೂಳು ಕೂತರೂ ಗೊತ್ತಾಗಂಗಿಲ್ಲ,” ಎಂದು ಗೋಗರೆದೆ.

“ಆಟ ಗೆದ್ದು ತೋರ್ಸು. ನೀ ಹೇಳಿದ್ದ ಬಣ್ಣ.”

ಆವತ್ತು ನಾನು ಆಡಿದ್ದು ಆಟವಲ್ಲ, ಗೋಡೆ ತೊಳೆಯದಿರುವ ಹೋರಾಟ. ನಡುವೆ ಸಿಪಾಯಿಗಳು, ಎರಡೂ ಕುದುರೆ ಹೊರಗೆ, ರಾಜ ಮೂಲೆಯಲ್ಲಿ ಬೆಚ್ಚಗೆ, ರಾಣಿ ಬಾಗಿಲು ಕಾಯುತ್ತ. ಮಾವ ಚಹಾ ಕುಡಿಯುವುದನ್ನೂ ಮರೆತರು. ಗೆದ್ದೇ ಬಿಟ್ಟೆ ಅಂದುಕೊಂಡಾಗ ಹೊರಗೆ ಲಾರಿಗಳ ಸಾಲು ಹೋಯಿತು. ಕಿಟಕಿಯಿಂದ ದೂಳು ನುಗ್ಗಿ ಹಲಗೆಯ ಮೇಲೆ ಕೂತಿತು. ನನ್ನ ಹಾಳು ಕೈ! ಸೆರಗು ತಗೊಂಡು ರಾಣಿಯ ತಲೆ ಒರೆಸಿತು.

“ಮುಟ್ಟಿದಿ!” ಮಾವ ಕುರ್ಚಿಯಿಂದ ಎದ್ದೇ ನಿಂತರು.

ರಾಣಿಯನ್ನು ನಡೆಸಲೇಬೇಕಾಯಿತು. ಅವಳು ಕದಲಿದ್ದೇ ತಡ, ಕಾಯುತ್ತಿದ್ದ ಬಾಗಿಲಿನಿಂದ ಮಾವನ ಆನೆ ಒಳಗೆ ಬಂತು. ನನ್ನ ರಾಜ ಮೂಲೆಯಲ್ಲೇ ಮುಗಿದ. ನನಗೆ ಅಳುವೇ ಬಂತು. ಬಚ್ಚಲಿಗೆ ಹೋಗಿ ಅತ್ತು ಬಂದೆ.

ಮುಂದಿನ ವಾರ ಗೋಡೆಗೆ ಬಿಳಿ ಏರಿತು. ಪೇಂಟರ್ ಏಣಿಯ ಮೇಲೆ, ಮಾವ ಕೆಳಗೆ ಸೊಂಟದ ಮೇಲೆ ಕೈಯಿಟ್ಟು. ಬಣ್ಣ ಇನ್ನೂ ಹಸಿ, ಲಾರಿಗಳು ಬಂದವು. ದೂಳು ಹೋಗಿ ನೇರ ಗೋಡೆಗೆ ಅಂಟಿತು. ಮಾವ ತಡೆಯಲಾರದೆ ಹೆಗಲ ಮೇಲಿನ ಟವೆಲ್ ಎಳೆದು ಗೋಡೆ ಒರೆಸಿಯೇಬಿಟ್ಟರು. ಬಾಗಿಲ ಪಕ್ಕ ಆಳೆತ್ತರದ ಕೆಂಪು ಪಟ್ಟೆ ಮೂಡಿತು.

“ಮುಟ್ಟಿದ್ರಿ ಮಾವ!” ಎಂದು ಕಿರುಚಿದೆ.

“ಇಲ್ಲವ್ವ, ಒರಸಿದ್ನಿ ಅಷ್ಟ.”

“ಒರಸಿದ್ರೂ ಮುಟ್ಟಿದಂಗ. ನೀವ ಮಾಡಿದ ಕಾನೂನು. ಈಗ ನಡಸ್ರಿ!”

ಒಳಗೆ ಅತ್ತೆ ಬಿದ್ದು ಬಿದ್ದು ನಕ್ಕರು. ಮಾವ ಟವೆಲ್ ನೋಡಿದರು, ಗೋಡೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಏಣಿಯ ಕಡೆ ತಲೆ ಎತ್ತಿದರು.

“ಲೇ ತಮ್ಮ, ಇಳಿ ಕೆಳಗ. ಇಟ್ಟಂಗಿ ಬಣ್ಣ ಎಲ್ಲಿ ಸಿಗತೈತಿ?”